ಬೀಗದ ಕೈ ಹಿಡಿದೇ ಸತ್ತ ಪ್ರೋಸೆಸ್: ವೆಬ್ ಸರ್ವರ್‌ಗಳ ಹಂಚಿಕೆ ಮೆಮೊರಿಯ ಹಿನ್ನೆಲೆ

ಹಳೆಯ ಅಪಾಚೆ ವೆಬ್ ಸರ್ವರ್‌ಗಳನ್ನು ನೋಡಿಕೊಂಡವರಿಗೆ ಈ ಅನುಭವ ಹೊಸದಲ್ಲ. ನಿಂತುಹೋದ ಸರ್ವರನ್ನು ಮತ್ತೆ ಚಾಲೂ ಮಾಡಲು ಹೋದರೆ ಅದು ಏಳುವುದಿಲ್ಲ. ಎರರ್ ಲಾಗ್ ತೆರೆದರೆ ತಳದಲ್ಲಿ ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’ ಎಂಬ ಸಾಲು ಇರುತ್ತದೆ. ಜಾಗವಿಲ್ಲ ಎಂದಮೇಲೆ ಯಾರೇ ಆಗಲಿ ಮೊದಲು ನೋಡುವುದು ಡಿಸ್ಕನ್ನು. ಅಲ್ಲಿ ಅರ್ಧಕ್ಕರ್ಧ ಖಾಲಿ. ಹಳೆಯ ಲಾಗ್‌ಗಳನ್ನೆಲ್ಲ ಅಳಿಸಿ ಮತ್ತೆ ಪ್ರಯತ್ನಿಸಿದರೂ ಅದೇ ಸಾಲು. ಕೊನೆಗೆ ತಿಳಿದವರೊಬ್ಬರು ‘ಐಪಿಸಿಎಸ್’ ಎಂಬ ಕಮಾಂಡ್ ಕೊಟ್ಟು ನೋಡಲು ಹೇಳುತ್ತಾರೆ. ಆಗ ಪರದೆಯ ಮೇಲೆ ಉದ್ದಕ್ಕೆ ಸೆಮಾಫೋರ್‌ಗಳ, ಅಂದರೆ ಪ್ರೋಗ್ರಾಮ್‌ಗಳು ಸರದಿ ಕಾಯಲು ಬಳಸುವ ಬೀಗಗಳ, ಪಟ್ಟಿ ಇಳಿಯುತ್ತದೆ, ಒಡೆತನದ ಕಾಲಮ್ಮಿನಲ್ಲಿ ಸಾಲು ಸಾಲಿಗೂ ವೆಬ್ ಸರ್ವರ್ ಖಾತೆಯದೇ ಹೆಸರು. ಅವನ್ನು ಹುಟ್ಟಿಸಿದ ಪ್ರೋಸೆಸ್‌ಗಳು, ಅಂದರೆ ಓಡುತ್ತಿದ್ದ ಪ್ರೋಗ್ರಾಮ್‌ಗಳು, ಎಂದೋ ಸತ್ತಿವೆ. ಅವು ಬಿಟ್ಟುಹೋದ ಬೀಗಗಳು ಮಾತ್ರ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನೆಲ್‌ನೊಳಗೆ ಉಳಿದುಕೊಂಡಿವೆ. ಬಹುಕಾಲ ಲಿನಕ್ಸ್‌ನಲ್ಲಿ ಇಡೀ ಯಂತ್ರಕ್ಕೆ ಇಂಥ 128 ಸೆಮಾಫೋರ್ ಗುಂಪುಗಳಷ್ಟೇ ಎಂಬ ಮಿತಿ ಮೊದಲೇ ಹಾಕಿ ಬರುತ್ತಿತ್ತು. ಆ ಲೆಕ್ಕ ತುಂಬಿದಾಗಲೂ ಡಿಸ್ಕ್ ತುಂಬಿದಾಗಲೂ ಕರ್ನೆಲ್ ಹಿಂದಿರುಗಿಸುವುದು ಒಂದೇ ಎರರ್ ಸಂಖ್ಯೆಯನ್ನು. ಅದನ್ನು ಅಕ್ಷರಕ್ಕಿಳಿಸಿದಾಗ ಸಿಗುವುದೂ ಅದೇ ಸಾಲು. ‘ಐಪಿಸಿಆರ್‌ಎಂ’ ಕಮಾಂಡಿನಿಂದ ಆ ಅನಾಥ ಬೀಗಗಳನ್ನು ಒಂದೊಂದಾಗಿ ತೆಗೆದುಹಾಕಿದ ಮೇಲೆ ಸರ್ವರ್ ಏನೂ ಆಗಿಲ್ಲವೆಂಬಂತೆ ಏಳುತ್ತದೆ.

ಲಾಕ್ ಎಂದೊಡನೆ ನಮ್ಮಲ್ಲಿ ಸಾಮಾನ್ಯವಾಗಿ ವೇಗದ ಚರ್ಚೆ ಶುರುವಾಗುತ್ತದೆ: ಎಷ್ಟು ಮೈಕ್ರೋಸೆಕೆಂಡು ಕಾಯಬೇಕು, ಎಷ್ಟು ರಿಕ್ವೆಸ್ಟ್ ಕಡಿಮೆಯಾಯಿತು ಎಂದು. ಆದರೆ ವೆಬ್ ಸರ್ವರ್‌ಗಳು ನಡೆದುಬಂದ ದಾರಿಯನ್ನು ಸಾವಧಾನವಾಗಿ ನೋಡಿದರೆ ಅವುಗಳನ್ನು ಕಟ್ಟಿದವರನ್ನು ವೇಗಕ್ಕಿಂತ ಹೆಚ್ಚಾಗಿ ಕಾಡಿದ್ದು ಬೇರೆ ಎರಡು ಪ್ರಶ್ನೆಗಳು ಎಂಬುದು ನನ್ನ ಅಭಿಪ್ರಾಯ. ಬೀಗ ಹಾಕಿಕೊಂಡು ಒಳಗೆ ಹೋದವನು ಅಲ್ಲಿಯೇ ಸತ್ತರೆ ಹೊರಗಿರುವವರ ಗತಿಯೇನು ಎಂಬುದು ಒಂದು. ಎಲ್ಲರೂ ಬರೆಯಬಹುದಾದ ಹಲಗೆಯ ಮೇಲೆ ಬರೆದದ್ದನ್ನು ಯಾರು ಎಷ್ಟು ನಂಬಬೇಕು ಎಂಬುದು ಇನ್ನೊಂದು.

ಈ ಪ್ರಶ್ನೆಗಳು ಹುಟ್ಟಿದ್ದು ಒಂದು ಒಳ್ಳೆಯ ನಿರ್ಧಾರದಿಂದ. 1995ರಲ್ಲಿ ಅಮೆರಿಕದ ಎನ್‌ಸಿಎಸ್‌ಎ ಎಂಬ ಸೂಪರ್‌ಕಂಪ್ಯೂಟಿಂಗ್ ಸಂಸ್ಥೆಯ ವೆಬ್ ಸರ್ವರ್‌ಗೆ ತೇಪೆ ಹಾಕುತ್ತಿದ್ದ ಕೆಲವರು ಒಟ್ಟುಗೂಡಿ ಅಪಾಚೆಯನ್ನು ಶುರುಮಾಡಿದರು, ಅದರ 1.0 ಆವೃತ್ತಿ ಅದೇ ವರ್ಷದ ಡಿಸೆಂಬರ್ 1ರಂದು ಹೊರಬಂತು. ರಾಬರ್ಟ್ ಥಾವ್ ಅವರು ಹೊಸದಾಗಿ ರೂಪಿಸಿದ ಅದರ ವಿನ್ಯಾಸದಲ್ಲಿ, ಬಂದ ಪ್ರತಿ ರಿಕ್ವೆಸ್ಟಿಗೂ ಹೊಸ ಪ್ರೋಸೆಸ್ ಹುಟ್ಟಿಸುವ ಬದಲು ಒಂದಷ್ಟು ಮರಿ ಪ್ರೋಸೆಸ್‌ಗಳನ್ನು ಮೊದಲೇ ಹುಟ್ಟಿಸಿ ಸಾಲಾಗಿ ನಿಲ್ಲಿಸಿಕೊಳ್ಳುವ ಏರ್ಪಾಡಿತ್ತು. ತಾಯಿ ಪ್ರೋಸೆಸ್ ರೂಟ್ ಎಂಬ ಯಂತ್ರದ ಪರಮಾಧಿಕಾರದಲ್ಲಿ ಓಡಿ, ವೆಬ್ ಕನೆಕ್ಷನ್‌ಗಳು ಬರುವ 80ನೇ ಪೋರ್ಟನ್ನು ತೆರೆಯುತ್ತದೆ. ಮರಿಗಳು ಹುಟ್ಟಿದ ಕೂಡಲೇ ಆ ಅಧಿಕಾರವನ್ನು ಕಳಚಿಟ್ಟು ಬಡ ಖಾತೆಯೊಂದರ ಹೆಸರಿನಲ್ಲಿ ಕೆಲಸಕ್ಕಿಳಿಯುತ್ತವೆ. ಯಾವುದೋ ಮಾಡ್ಯೂಲಿನ ತಪ್ಪಿನಿಂದ ಒಂದು ಮರಿ ಸತ್ತರೆ ಅದು ಹಿಡಿದಿದ್ದ ಒಂದು ಕನೆಕ್ಷನ್ ಮಾತ್ರ ಹೋಗುತ್ತದೆ, ಉಳಿದವುಗಳ ಮೆಮೊರಿಗೆ ಏನೂ ಆಗುವುದಿಲ್ಲ, ತಾಯಿ ಇನ್ನೊಂದನ್ನು ಹುಟ್ಟಿಸುತ್ತದೆ. ಸಿ ಭಾಷೆಯಲ್ಲಿ ಬರೆದ, ಹೊರಗಿನವರ ಮಾಡ್ಯೂಲ್‌ಗಳನ್ನೂ ಒಳಗೆ ಬಿಟ್ಟುಕೊಳ್ಳುವ ಪ್ರೋಗ್ರಾಮಿಗೆ ಇದಕ್ಕಿಂತ ಕ್ಷೇಮವಾದ ಮಾರ್ಗ ಆಗ ಇರಲಿಲ್ಲ.

ಹೀಗೆ ಬೇರೆ ಬೇರೆ ಇಟ್ಟ ಪ್ರೋಸೆಸ್‌ಗಳಿಗೂ ಎರಡು ವಿಷಯಗಳಲ್ಲಿ ಹಂಚಿಕೆ ತಪ್ಪಲಿಲ್ಲ. ಎಷ್ಟು ಮರಿಗಳು ಕೈಖಾಲಿ ಕುಳಿತಿವೆ, ಎಷ್ಟು ದುಡಿಯುತ್ತಿವೆ ಎಂಬುದು ತಾಯಿಗೆ ಗೊತ್ತಾಗದಿದ್ದರೆ ಸಂಖ್ಯೆಯನ್ನು ಏರಿಸುವುದೋ ಇಳಿಸುವುದೋ ತಿಳಿಯುವುದಿಲ್ಲ. ಅದಕ್ಕಾಗಿ ಹುಟ್ಟಿದ್ದು ‘ಸ್ಕೋರ್‌ಬೋರ್ಡ್’ ಎಂಬ ಹಂಚಿಕೆ ಮೆಮೊರಿಯ, ಅಂದರೆ ಎಲ್ಲ ಪ್ರೋಸೆಸ್‌ಗಳೂ ಓದಿ ಬರೆಯಬಹುದಾದ ಮೆಮೊರಿಯ, ತುಣುಕು. ಹಂಚಿಕೆ ಮೆಮೊರಿಯ ಸೌಲಭ್ಯವಿಲ್ಲದ ಯೂನಿಕ್ಸ್‌ಗಳಲ್ಲಿ ಅದನ್ನು ಡಿಸ್ಕಿನ ಮೇಲಿನ ಫೈಲಾಗಿ ಇಡಬೇಕಾಗಿತ್ತು. ಇನ್ನೊಂದು ಹಂಚಿಕೆ ಬಾಗಿಲಿನದು: ಎಲ್ಲ ಮರಿಗಳೂ ಒಂದೇ ಪೋರ್ಟಿನ ಮುಂದೆ ಕನೆಕ್ಷನ್‌ಗಾಗಿ ಕಾಯುತ್ತವೆ.

ಸ್ಕೋರ್‌ಬೋರ್ಡನ್ನು ಇಂದಿಗೂ ಸರ್ವರಿನ ಸ್ಟೇಟಸ್ ಪುಟದಲ್ಲಿ ಕಣ್ಣಾರೆ ಕಾಣಬಹುದು. ಅಲ್ಲಿ ಚುಕ್ಕಿ, ಗೆರೆ, ಅಕ್ಷರಗಳ ಒಂದು ಜಾಲರಿಯಿರುತ್ತದೆ. ಚುಕ್ಕಿಯೆಂದರೆ ಖಾಲಿ ಸ್ಥಾನ, ಅಡಿಗೆರೆಯೆಂದರೆ ಕೆಲಸಕ್ಕಾಗಿ ಕಾಯುತ್ತಿರುವ ಪ್ರೋಸೆಸ್, ‘ಡಬ್ಲ್ಯು’ ಎಂದರೆ ಉತ್ತರ ಕಳಿಸುತ್ತಿದೆ, ‘ಕೆ’ ಎಂದರೆ ಅದೇ ಗಿರಾಕಿ ಇನ್ನೊಂದು ಪುಟ ಕೇಳಬಹುದೆಂದು ಕನೆಕ್ಷನ್ ಹಿಡಿದು ಕುಳಿತಿದೆ. ಪ್ರತಿ ಮರಿಯೂ ತನ್ನ ಮನೆಯಲ್ಲಿ ತಾನೇ ಬರೆದುಕೊಳ್ಳುತ್ತದೆ, ಇನ್ನೊಬ್ಬರ ಮನೆಗೆ ಕೈಹಾಕುವುದಿಲ್ಲ; ಆದ್ದರಿಂದ ಈ ಹಲಗೆಗೆ ಬೀಗವೇ ಬೇಡ ಎಂದು ತೀರ್ಮಾನಿಸಿದರು. ಪ್ರತಿ ರಿಕ್ವೆಸ್ಟಿನಲ್ಲೂ ಹಲವು ಬಾರಿ ಬದಲಾಗುವ ಒಂದು ಅಕ್ಷರಕ್ಕಾಗಿ ಬೀಗ ಹಾಕಿ ತೆಗೆಯುವುದು ದುಂದು ಎಂಬ ಅವರ ಲೆಕ್ಕ ಸರಿಯಾಗಿಯೇ ಇತ್ತು. ಆ ತೀರ್ಮಾನದ ಬೆಲೆ ತಿಳಿದದ್ದು ಬಹಳ ವರ್ಷಗಳ ಮೇಲೆ.

ಬಾಗಿಲಿನ ಕಷ್ಟ ಮಾತ್ರ ಕೂಡಲೇ ಎದುರಾಯಿತು. ಸರ್ವರ್ ಎರಡು ಪೋರ್ಟ್‌ಗಳಲ್ಲಿ ಕಾಯುತ್ತಿದೆ ಎಂದುಕೊಳ್ಳೋಣ. ಒಂದರಲ್ಲಿ ಒಂದು ಕನೆಕ್ಷನ್ ಬಂದರೆ ಮಲಗಿದ್ದ ಎಲ್ಲ ಮರಿಗಳೂ ಎದ್ದು ಆ ಬಾಗಿಲಿಗೆ ಓಡುತ್ತವೆ. ಒಂದಕ್ಕೆ ಮಾತ್ರ ಅದು ಸಿಗುತ್ತದೆ. ಉಳಿದವು ಅದೇ ಬಾಗಿಲಿನಲ್ಲಿ ಮುಂದಿನ ಕನೆಕ್ಷನ್ ಬರುವವರೆಗೆ ಸಿಕ್ಕಿಬೀಳುತ್ತವೆ, ಪಕ್ಕದ ಬಾಗಿಲು ಬಡಿಯುತ್ತಿದ್ದರೂ ಕೇಳಿಸಿಕೊಳ್ಳುವವರಿಲ್ಲ. ಇದಕ್ಕೆ ಕಂಡುಕೊಂಡ ಪರಿಹಾರ, ಒಂದು ಸಲಕ್ಕೆ ಒಂದೇ ಮರಿ ಬಾಗಿಲ ಬಳಿ ನಿಲ್ಲುವಂತೆ ಒಂದು ಲಾಕ್ ಇಡುವುದು. ಅಪಾಚೆಯ ಕಾರ್ಯಕ್ಷಮತೆಯ ಟಿಪ್ಪಣಿಗಳಲ್ಲಿ ಈ ಕಥೆ ವಿವರವಾಗಿ ದಾಖಲಾಗಿದೆ. ಲಿನಕ್ಸ್ 2.0.30 ಓಡುತ್ತಿದ್ದ, ಎರಡು ಪೆಂಟಿಯಮ್ ಪ್ರೊ 166 ಪ್ರೊಸೆಸರ್‌ಗಳ ಯಂತ್ರದಲ್ಲಿ ಒಂದೇ ಪೋರ್ಟ್ ಇಟ್ಟು ನಡೆಸಿದ ಪರೀಕ್ಷೆಯಲ್ಲಿ, ಲಾಕ್ ಇಟ್ಟಿದ್ದರಿಂದ ಆದ ನಷ್ಟ ಶೇ. 3ಕ್ಕಿಂತ ಕಡಿಮೆ, ಲಾಕ್ ಇಲ್ಲದಿದ್ದಾಗ ಪ್ರತಿ ರಿಕ್ವೆಸ್ಟಿಗೆ 100 ಮಿಲಿಸೆಕೆಂಡಿನಷ್ಟು ಹೆಚ್ಚಿನ ವಿಳಂಬ ಕಂಡಿತ್ತು. ವೇಗದ ಪ್ರಶ್ನೆ ಇಷ್ಟು ಬೇಗ ಬಗೆಹರಿದಿತ್ತು.

ಬಗೆಹರಿಯದೆ ಉಳಿದದ್ದು ಯಾವ ಬೀಗ ಎಂಬುದು. ಒಂದೊಂದು ಯೂನಿಕ್ಸಿನಲ್ಲಿ ಒಂದೊಂದು ಬೀಗ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಒಂದೊಂದಕ್ಕೂ ತನ್ನದೇ ಬಗೆಯ ಸಾವಿನ ಕಥೆಯಿತ್ತು. ಫೈಲಿನ ಮೇಲೆ ಹಾಕುವ ಲಾಕ್‌ಗಳಲ್ಲಿ ಒಂದು ಸದ್ಗುಣವಿದೆ: ಹಿಡಿದ ಪ್ರೋಸೆಸ್ ಸತ್ತರೆ ಕರ್ನೆಲ್ ತಾನೇ ಬಿಡಿಸುತ್ತದೆ. ಆದರೆ ಆ ಲಾಕ್ ಫೈಲು ನೆಟ್‌ವರ್ಕಿನ ಮೂಲಕ ಹಂಚಿದ ಡಿಸ್ಕಿನ ಮೇಲೆ ಕುಳಿತರೆ ಯಾವ ಭರವಸೆಯೂ ಇಲ್ಲ. ಸ್ಥಳೀಯ ಡಿಸ್ಕಿನಲ್ಲೇ ಇಡಿ ಎಂದು ಕೈಪಿಡಿ ಇಂದಿಗೂ ಎಚ್ಚರಿಸುತ್ತದೆ. ಸಿಸ್ಟಮ್ ಫೈವ್ ಯೂನಿಕ್ಸಿನಿಂದ ಬಂದ ಸೆಮಾಫೋರ್‌ಗಳಲ್ಲಿ, ಹಿಡಿದವನು ಸತ್ತರೆ ಅವನು ಮಾಡಿದ್ದನ್ನು ಹಿಂತೆಗೆದುಕೊಳ್ಳುವಂತೆ ಕರ್ನೆಲ್‌ಗೆ ಮೊದಲೇ ಹೇಳಿಡಬಹುದು. ಮರಿಯ ಸಾವು ಹಾಗೆ ದಾಟಿಹೋಗುತ್ತದೆ. ಆದರೆ ಇಡೀ ಸರ್ವರ್ ಹಠಾತ್ತಾಗಿ ಸತ್ತರೆ ಸೆಮಾಫೋರೇ ಹಿಂದೆ ಉಳಿಯುತ್ತದೆ. ಮೊದಲಲ್ಲಿ ಹೇಳಿದ ಅನಾಥ ಬೀಗಗಳ ಪಟ್ಟಿ ಬೆಳೆಯುವುದು ಹೀಗೆ. ಅದೇ ಖಾತೆಯ ಹೆಸರಿನಲ್ಲಿ ಓಡುವ ಯಾವುದೇ ಸಿಜಿಐ ಸ್ಕ್ರಿಪ್ಟ್ (ಪುಟ ತಯಾರಿಸಲು ಸರ್ವರ್ ಓಡಿಸುವ ಹೊರಗಿನ ಪ್ರೋಗ್ರಾಮ್) ಆ ಸೆಮಾಫೋರನ್ನು ತಾನು ಹಿಡಿದುಕೊಂಡು ಸರ್ವರನ್ನೇ ನಿಲ್ಲಿಸಿಬಿಡಬಹುದು ಎಂಬುದು ಇನ್ನೊಂದು ಅಪಾಯ. ಯೂನಿಕ್ಸ್‌ಗಳ ಸಾಮಾನ್ಯ ಮಾನಕವಾದ ಪೊಸಿಕ್ಸ್‌ನ ಥ್ರೆಡ್‌ಗಳ ‘ಮ್ಯೂಟೆಕ್ಸ್’ ಎಂಬ ಲಾಕ್ ಹಂಚಿಕೆ ಮೆಮೊರಿಯಲ್ಲೇ ಇರುವುದರಿಂದ ಬಲು ಹಗುರ. ಆದರೆ ಅದನ್ನು ಯಾರು ಹಿಡಿದಿದ್ದಾರೆ ಎಂಬುದು ಕರ್ನೆಲ್‌ಗೆ ಗೊತ್ತೇ ಇರುತ್ತಿರಲಿಲ್ಲ. ಹಿಡಿದ ಮರಿ ಸತ್ತರೆ ಉಳಿದವೆಲ್ಲ ಎಂದೂ ತೆರೆಯದ ಬಾಗಿಲ ಮುಂದೆ ನಿಂತೇ ಇರುತ್ತವೆ. ಸರ್ವರ್ ಸತ್ತಿಲ್ಲ, ಪ್ರೋಸೆಸ್‌ಗಳೆಲ್ಲ ಪಟ್ಟಿಯಲ್ಲಿವೆ, ಲಾಗಿನಲ್ಲಿ ಒಂದು ಸಾಲೂ ಇಲ್ಲ, ಪುಟ ಮಾತ್ರ ತೆರೆಯುವುದಿಲ್ಲ. ಇಂಥ ಮೌನದ ಎದುರು ಕುಳಿತವರ ಸಂಕಟಕ್ಕೆ ಯಾವ ಕೈಪಿಡಿಯೂ ನ್ಯಾಯ ಒದಗಿಸಿಲ್ಲ.

ಸಾಯದೆಯೂ ಬೀಗ ಹಿಡಿದು ಕೂರಬಹುದು ಎಂಬುದಕ್ಕೆ 2004ರಲ್ಲಿ ಉದಾಹರಣೆ ಸಿಕ್ಕಿತು. ಅಪರೂಪಕ್ಕೆ ಬಳಕೆಯಾಗುವ ಪೋರ್ಟಿಗೆ ಒಂದು ಕನೆಕ್ಷನ್ ಬಂದು ತಕ್ಷಣವೇ ಕಡಿದುಹೋದರೆ, ಕೆಲವು ಯೂನಿಕ್ಸ್‌ಗಳಲ್ಲಿ ಲಾಕ್ ಹಿಡಿದ ಮರಿ ಆ ಪೋರ್ಟಿಗೆ ಮತ್ತೊಬ್ಬರು ಬರುವವರೆಗೆ ಅಲ್ಲಿಯೇ ಕಾಯುತ್ತಾ ನಿಲ್ಲುತ್ತಿತ್ತು. ಅಷ್ಟು ಹೊತ್ತೂ ಮುಖ್ಯ ಪೋರ್ಟಿನಲ್ಲಿ ಒಬ್ಬರಿಗೂ ಪ್ರವೇಶವಿರಲಿಲ್ಲ. ದೂರದಿಂದ ಒಂದು ಸಣ್ಣ ತಟ್ಟಿಗೆ ಇಡೀ ಸರ್ವರ್ ಸ್ತಬ್ಧವಾಗುತ್ತಿತ್ತು. 1.3.31 ಮತ್ತು 2.0.49 ಆವೃತ್ತಿಗಳಲ್ಲಿ ಅದನ್ನು ಸರಿಪಡಿಸಿದರು.

ಸತ್ತವನ ಕೈಯಿಂದ ಬೀಗದ ಕೈ ಬಿಡಿಸುವ ಕೆಲಸ ಕರ್ನೆಲ್ ಮಟ್ಟದಲ್ಲಿ ನಡೆದದ್ದು 2006ರ ಲಿನಕ್ಸ್ 2.6.17ರಲ್ಲಿ. ಅಲ್ಲಿಂದ ಮುಂದೆ ಪ್ರೋಸೆಸ್ ಸಾಯುವಾಗ ಅದು ಹಿಡಿದಿದ್ದ ಲಾಕ್‌ಗಳ ಪಟ್ಟಿಯನ್ನು ಕರ್ನೆಲ್ ನಡೆದುನೋಡಿ, ಮುಂದೆ ಬರುವವನಿಗೆ ‘ಒಡೆಯ ಸತ್ತಿದ್ದಾನೆ’ ಎಂಬ ಉತ್ತರ ಕೊಡುವ ವ್ಯವಸ್ಥೆ ಬಂತು. 2008ರಲ್ಲಿ ಪೊಸಿಕ್ಸ್ ಮಾನಕವೂ ಅದನ್ನು ಒಪ್ಪಿಕೊಂಡಿತು. ಆ ಉತ್ತರದ ಒಳಗಿರುವ ಪ್ರಾಮಾಣಿಕತೆ ನನಗೆ ಬಹಳ ಹಿಡಿಸುತ್ತದೆ. ಲಾಕ್ ಈಗ ನಿನ್ನದು, ಆದರೆ ಸತ್ತವನು ಒಳಗೆ ಏನನ್ನು ಅರ್ಧಕ್ಕೆ ಬಿಟ್ಟಿದ್ದಾನೋ ನೋಡಿ ಸರಿಮಾಡಿಕೊಳ್ಳುವ ಹೊಣೆಯೂ ನಿನ್ನದೇ ಎಂದು ಅದು ಹೇಳುತ್ತದೆ. ಬಾಗಿಲಿನ ಲಾಕ್‌ಗೆ ಇದರಿಂದ ತೊಂದರೆಯಿಲ್ಲ, ಅದರ ಹಿಂದೆ ಕೆಡುವಂಥ ದತ್ತಾಂಶವೇ ಇಲ್ಲ. ಆದರೆ ಸುರಕ್ಷಿತ (ಎಸ್‌ಎಸ್‌ಎಲ್) ಸಂಪರ್ಕಗಳ ವಿವರ ಕೂಡಿಡುವ ಕ್ಯಾಶ್‌ನಂಥ ಹಂಚಿಕೆಯ ರಚನೆಯನ್ನು ತಿದ್ದುತ್ತಿರುವಾಗಲೇ ಪ್ರೋಸೆಸ್ ಸತ್ತರೆ, ಬೀಗ ತೆರೆದೊಡನೆ ಮುರಿದ ರಚನೆಯೇ ಎಲ್ಲರ ಕೈಗೂ ಸಿಗುತ್ತದೆ.

ಇಗೋರ್ ಸಿಸೋಯೆವ್ ಬರೆದು 2004ರಲ್ಲಿ ಹೊರತಂದ ಎಂಜಿನ್-ಎಕ್ಸ್ ಎಂಬ ವೆಬ್ ಸರ್ವರ್ ಇದಕ್ಕೆ ತನ್ನದೇ ಸರಳ ದಾರಿ ಹಿಡಿಯಿತು. ಅದರ ಲಾಕ್ ಎಂದರೆ ಹಂಚಿಕೆ ಮೆಮೊರಿಯಲ್ಲಿನ ಒಂದು ಸಂಖ್ಯೆ. ಹಿಡಿಯುವವನು ಅದರಲ್ಲಿ ತನ್ನ ಪ್ರೋಸೆಸ್ ಸಂಖ್ಯೆಯನ್ನೇ ಬರೆಯುತ್ತಾನೆ. ಮರಿಯೊಂದು ಸತ್ತ ಸುದ್ದಿ ಬಂದಾಗ ತಾಯಿ ಎಲ್ಲ ಲಾಕ್‌ಗಳನ್ನೂ ಸುತ್ತಿಬಂದು, ಸತ್ತವನ ಸಂಖ್ಯೆ ಎಲ್ಲೆಲ್ಲಿ ಕಾಣುವುದೋ ಅಲ್ಲಲ್ಲಿ ಬಲವಂತವಾಗಿ ಬಿಡಿಸಿ ಲಾಗಿನಲ್ಲಿ ಒಂದು ಸಾಲು ಬರೆಯುತ್ತದೆ.

2002ರ ಅಪಾಚೆ 2.0, ಒಂದೇ ಪ್ರೋಸೆಸ್ಸಿನ ಮೆಮೊರಿಯಲ್ಲಿ ಜೊತೆಜೊತೆಗೆ ಓಡುವ ಥ್ರೆಡ್‌ಗಳನ್ನು ತಂದಿತು. ವೆಬ್ ಪುಟಗಳನ್ನು ಬರೆಯುವ ಪಿಎಚ್‌ಪಿ ಭಾಷೆಯ ಎಷ್ಟೋ ಲೈಬ್ರರಿಗಳು ಥ್ರೆಡ್‌ಗಳೊಂದಿಗೆ ಹೊಂದದ ಕಾರಣ ಬಹುಪಾಲು ಜನ ಹಳೆಯ ಬಹುಪ್ರೋಸೆಸ್ ಮಾದರಿಯಲ್ಲೇ ಉಳಿದರು.

ಇನ್ನು ನಂಬಿಕೆಯ ಪ್ರಶ್ನೆ. ಸ್ಕೋರ್‌ಬೋರ್ಡಿನಲ್ಲಿ ಮರಿಗಳು ಬರೆಯುತ್ತವೆ, ರೂಟ್ ಅಧಿಕಾರವಿರುವ ತಾಯಿ ಓದುತ್ತದೆ. ಪ್ರತಿ ಮರಿಯ ಪ್ರೋಸೆಸ್ ಸಂಖ್ಯೆಯೂ ಅಲ್ಲೇ ಇತ್ತು. ಯಾವ ಮರಿಗೆ ಸಿಗ್ನಲ್ ಕಳಿಸಬೇಕೆಂದು ತಾಯಿ ಅದನ್ನು ನೋಡಿಯೇ ತಿಳಿಯುತ್ತಿತ್ತು. ದುರುದ್ದೇಶದ ಕೋಡ್ ಒಂದು ಮರಿಯೊಳಗೆ ಸೇರಿಕೊಂಡು ಆ ಜಾಗದಲ್ಲಿ ಬೇರಾವುದೋ ಪ್ರೋಸೆಸ್ಸಿನ ಸಂಖ್ಯೆ ಬರೆದರೆ, ತಾಯಿ ರೂಟ್ ಅಧಿಕಾರದಿಂದಲೇ ಅದನ್ನು ಕೊಲ್ಲುತ್ತದೆ. 2002ರಲ್ಲಿ ಇದು ಬೆಳಕಿಗೆ ಬಂದು 1.3.27ರಲ್ಲಿ ತೇಪೆ ಬಿತ್ತು. 2007ರಲ್ಲಿ ಅದೇ ಬಗೆಯ ದೋಷ ಮತ್ತೆ ಕಾಣಿಸಿತು. ಆಗ 1.3.39ರಲ್ಲಿ ತಾಯಿ ತನ್ನ ಮಕ್ಕಳ ಸಂಖ್ಯೆಗಳನ್ನು ತನ್ನ ಖಾಸಗಿ ಮೆಮೊರಿಯಲ್ಲಿ ಬರೆದಿಟ್ಟುಕೊಂಡು ತಾಳೆ ನೋಡತೊಡಗಿತು, 2.x ಸಾಲಿನಲ್ಲಿ ತನ್ನ ಗುಂಪಿನ ಹೊರಗಿನ ಯಾವ ಪ್ರೋಸೆಸ್ಸಿಗೂ ಸಿಗ್ನಲ್ ಕಳಿಸದಂತೆ ತಡೆ ಹಾಕಿದರು. 2012ರ 2.2.22ರಲ್ಲಿ ಅದೇ ಹಲಗೆಯ ಇನ್ನೊಂದು ಮೂಲೆಯ ತೂತನ್ನು ಮುಚ್ಚಬೇಕಾಯಿತು. ಹಲಗೆಗೆ ಬೀಗ ಬೇಡವೆಂಬ ಹಳೆಯ ತೀರ್ಮಾನದ ಬೆಲೆ 2014ರಲ್ಲಿ ತಿಳಿಯಿತು: ಸ್ಟೇಟಸ್ ಪುಟ ಸಿದ್ಧಪಡಿಸುವ ಕೋಡ್ ಹಲಗೆಯಲ್ಲಿನ ಒಂದು ಸಾಲಿನ ಉದ್ದ ಅಳೆದು, ಅಷ್ಟು ಜಾಗ ಮಾಡಿಕೊಂಡು, ನಕಲಿಸುವಷ್ಟರಲ್ಲಿ ಅದರ ಒಡೆಯನಾದ ಮರಿ ಆ ಸಾಲನ್ನೇ ಬದಲಿಸಿ ಉದ್ದ ಮಾಡಿರುತ್ತಿತ್ತು. ಮೊದಲು ಇಡೀ ಮನೆಯನ್ನು ನಕಲು ಮಾಡಿಕೊಂಡು ಆಮೇಲೆ ಓದುವುದು 2.4.10ರಲ್ಲಿ ಬಂದ ಪರಿಹಾರ.

ಬೀಗದ ಕಥೆಯೂ ಹಲಗೆಯ ಕಥೆಯೂ ಒಂದೇ ಕಡೆ ಕೂಡಿದ್ದು ಮುಂದಿನ ಘಟ್ಟದಲ್ಲಿ. 2013ರ ಲಿನಕ್ಸ್ 3.9ರಲ್ಲಿ ಒಂದೇ ಪೋರ್ಟಿಗೆ ಹಲವು ಬಾಗಿಲುಗಳನ್ನಿಟ್ಟು, ಬರುವವರನ್ನು ಕರ್ನೆಲ್ಲೇ ಹಂಚಿಕೊಡುವ ಸೌಲಭ್ಯ ಬಂತು. 2015ರಲ್ಲಿ ಅಪಾಚೆ 2.4.17 ಅದನ್ನು ಅಳವಡಿಸಿಕೊಂಡಿತು: ಮರಿಗಳನ್ನು ಕೆಲವು ‘ಬಕೆಟ್’ಗಳಾಗಿ ವಿಂಗಡಿಸಿ, ಬಕೆಟ್ಟಿಗೊಂದು ಬಾಗಿಲು, ಬಾಗಿಲಿಗೊಂದು ಲಾಕ್. ಒಂದೇ ಲಾಕಿನ ಮುಂದೆ ಸಾಲುಗಟ್ಟುವುದು ತಪ್ಪಲಿ ಎಂಬುದೇ ಉದ್ದೇಶ. ಎಂಜಿನ್-ಎಕ್ಸ್ ಅಂತೂ 2016ರ 1.11.3ರಿಂದ ಬಾಗಿಲಿನ ಲಾಕನ್ನು ಮೊದಲೇ ನಿಷ್ಕ್ರಿಯಗೊಳಿಸಿಟ್ಟು ಬರತೊಡಗಿತು. ಅಪಾಚೆಯಲ್ಲಿ ಯಾವ ಮರಿ ಯಾವ ಬಕೆಟ್ಟಿನದು ಎಂಬ ಸಂಖ್ಯೆಯನ್ನು ಎಲ್ಲಾದರೂ ಬರೆದಿಡಬೇಕಿತ್ತು. ಬರೆದದ್ದು ಸ್ಕೋರ್‌ಬೋರ್ಡಿನಲ್ಲಿ.

ಆ ಸಂಖ್ಯೆ ಮಿತಿಯೊಳಗಿದೆಯೇ ಎಂದು ತಾಯಿ ಪರೀಕ್ಷಿಸುತ್ತಿರಲಿಲ್ಲ. 2019ರಲ್ಲಿ ಶಾರ್ಲ್ ಫೋಲ್ ಎಂಬ ಸಂಶೋಧಕರು ಇದರಿಂದ ಏನಾಗಬಹುದೆಂದು ತೋರಿಸಿಕೊಟ್ಟರು. ಪಿಎಚ್‌ಪಿಯ ದೋಷವೊಂದರ ಮೂಲಕ ಮರಿಯೊಂದರ ಮೆಮೊರಿಯನ್ನು ಹಿಡಿತಕ್ಕೆ ತಂದುಕೊಂಡು, ಹಲಗೆಯಲ್ಲಿ ಬಕೆಟ್ಟಿನ ಸಂಖ್ಯೆಯನ್ನು ತಿದ್ದಿ, ಅದು ಹಂಚಿಕೆ ಮೆಮೊರಿಯಲ್ಲೇ ಕಟ್ಟಿಟ್ಟ ಒಂದು ನಕಲಿ ಲಾಕಿನ ಕಡೆಗೆ ಬೊಟ್ಟು ಮಾಡುವಂತೆ ಮಾಡಿದರು. ಸರ್ವರ್ ಮೆಲ್ಲಗೆ ಮರುಚಾಲೂ ಆಗುವಾಗ ತಾಯಿ ಹೊಸ ಮರಿಯನ್ನು ಹುಟ್ಟಿಸುತ್ತದೆ. ಆ ಮರಿ ರೂಟ್ ಅಧಿಕಾರವನ್ನು ಕಳಚಿಡುವ ಮೊದಲೇ ತನ್ನ ಬಕೆಟ್ಟಿನ ಲಾಕನ್ನು ಸಜ್ಜುಗೊಳಿಸಲು ಹೋಗಿ, ನಕಲಿ ಲಾಕಿನಲ್ಲಿ ಬರೆದಿಟ್ಟ ಫಂಕ್ಷನ್ ವಿಳಾಸಕ್ಕೆ ಜಿಗಿಯುತ್ತದೆ. ಇದಕ್ಕಾಗಿ ದಾಳಿಕೋರ ಸರ್ವರನ್ನು ತಾನೇ ಮರುಚಾಲೂ ಮಾಡಿಸಬೇಕಾಗಿಯೂ ಇಲ್ಲ. ಡೆಬಿಯನ್ ಬಗೆಯ ಲಿನಕ್ಸ್‌ಗಳಲ್ಲಿ ಲಾಗ್ ಫೈಲುಗಳನ್ನು ತಿರುಗಿಸಿಡುವ ದಿನನಿತ್ಯದ ಕೆಲಸ ಬೆಳಗ್ಗೆ 6:25ಕ್ಕೆ ನಡೆಯುವ ರೂಢಿ ಆಗ ಇತ್ತು, ಅದೇ ಅಪಾಚೆಗೆ ಮರುಚಾಲೂ ಆಗಲು ಹೇಳುತ್ತಿತ್ತು. ಹಲವರ ತಾಣಗಳು ಒಂದೇ ಸರ್ವರ್ ಖಾತೆಯಡಿ ಓಡುವ ಅಗ್ಗದ ಹೋಸ್ಟಿಂಗ್ ಯಂತ್ರಗಳಲ್ಲಿ ಒಬ್ಬರ ಸ್ಕ್ರಿಪ್ಟಿನಿಂದ ಎಲ್ಲರ ಮನೆಯೂ ಬಯಲಾಗುವ ಸ್ಥಿತಿ ಅದು.

2.4.17ರಿಂದ 2.4.38ರವರೆಗಿನ ಆವೃತ್ತಿಗಳೆಲ್ಲ ಇದಕ್ಕೆ ಒಳಗಾಗಿದ್ದವು. ಅದೇ ವರ್ಷದ ಏಪ್ರಿಲ್ 1ರಂದು ಬಂದ 2.4.39ರಲ್ಲಿ ಬಕೆಟ್ಟಿನ ಸಂಖ್ಯೆಯನ್ನು ಸ್ಕೋರ್‌ಬೋರ್ಡಿನಲ್ಲಿ ಬರೆಯುವುದನ್ನೇ ನಿಲ್ಲಿಸಲಾಯಿತು. ಮರಿ ಹಲಗೆಯ ಎಷ್ಟನೆಯ ಮನೆಯಲ್ಲಿದೆ ಎಂಬುದರಿಂದಲೇ ಅದರ ಬಕೆಟ್ ಯಾವುದೆಂದು ಈಗ ತಾಯಿಯೇ ಲೆಕ್ಕ ಹಾಕಿಕೊಳ್ಳುತ್ತದೆ, ಅದಕ್ಕಾಗಿ ಹಲಗೆಯ ಮೇಲೆ ಏನನ್ನೂ ಓದುವುದಿಲ್ಲ.