ಯಜಮಾನರ ಹೆಸರು ಹೇಳಬಾರದು

ನಮ್ಮಜ್ಜಿ ಬದುಕಿರುವಷ್ಟು ದಿನ ಅಜ್ಜನ ಹೆಸರನ್ನು ಬಾಯಿ ಬಿಟ್ಟು ಹೇಳಲಿಲ್ಲ. ಅಜ್ಜನ ಹೆಸರು ಹನುಮಂತಪ್ಪ. ಇದರಿಂದ ಒಂದು ಫಜೀತಿ ಆಗಿತ್ತು. ಶನಿವಾರ ಗುಡಿಗೆ ಹೊರಟರೂ ದೇವರ ಹೆಸರು ಎತ್ತುವ ಹಾಗಿರಲಿಲ್ಲ. ‘ಅವರ ಹೆಸರಿನ ದೇವರಿಗೆ ಹೋಗಿ ಬರ್ತೀನಿ’ ಅನ್ನುತ್ತಿದ್ದಳು. ಜನಗಣತಿಯವರು ಬಂದು ಯಜಮಾನರ ಹೆಸರು ಕೇಳಿದರೆ ಸುಮ್ನೆ ನಮ್ಮ ಕಡೆ ನೋಡುತ್ತಿದ್ದಳು. ನಾವು ಹೇಳಬೇಕಿತ್ತು.

ಹೀಬ್ರೂ ಭಾಷೆಯ ‘ಬಅಲ್’ ಅನ್ನುವ ಪದ ಮೊದಲ ಸಲ ಕಣ್ಣಿಗೆ ಬಿದ್ದಾಗ ನನಗೆ ನೆನಪಾದದ್ದು ಅಜ್ಜಿಯೇ. ಅದರ ಅರ್ಥ ಒಡೆಯ. ಗಂಡ ಅಂತಲೂ ಅರ್ಥ. ಈಗಿನ ಇಸ್ರೇಲ್, ಲೆಬನಾನ್ ಕಡೆಯ ಹಳೇ ಕಾನಾನ್ ನಾಡಿನಲ್ಲಿ ಮಳೆ ಸಿಡಿಲುಗಳ ದೇವರಿಗೂ ಅದೇ ಹೆಸರು. ಕನ್ನಡದ ‘ಯಜಮಾನ’ ಥರಾನೇ ಅಲ್ವಾ? ಬೈಬಲಿನಲ್ಲಿ ಹೋಶೇಯ ಅನ್ನುವ ಪ್ರವಾದಿ ಈ ಪದದ ಜೊತೆ ಒಂದು ಆಟ ಆಡುತ್ತಾನೆ. ಇಸ್ರೇಲಿನ ಜನರನ್ನು ದೇವರ ಹೆಂಡತಿ ಅಂತ ಭಾವಿಸಿ, ಇನ್ನು ಮೇಲೆ ಅವಳು ದೇವರನ್ನು ‘ನನ್ನ ಬಅಲ್’ ಅನ್ನುವುದಿಲ್ಲ, ‘ಇಶೀ’ ಅನ್ನುತ್ತಾಳೆ ಎನ್ನುತ್ತಾನೆ. ಇಶೀ ಅಂದರೂ ನನ್ನ ಗಂಡ ಅಂತಲೇ ಅರ್ಥ. ಆದರೆ ಅದರಲ್ಲಿ ಒಡೆತನದ ವಾಸನೆ ಇಲ್ಲ, ಆ ಇನ್ನೊಂದು ದೇವರ ನೆನಪೂ ಇಲ್ಲ. ಇವತ್ತಿಗೂ ಇಸ್ರೇಲಿನ ಹೆಂಗಸರು ಗಂಡನಿಗೆ ‘ಬಅಲೀ’ ಅನ್ನುತ್ತಾರೆ. ಅದು ಇಷ್ಟವಾಗದ ಕೆಲವರು ‘ಇಶೀ’ ಅನ್ನುತ್ತಾರೆ.

ಹೀಬ್ರೂ, ಅರಬ್ಬಿ ಮೊದಲಾದವು ಸೇರಿರುವ ಸೆಮಿಟಿಕ್ ಕುಟುಂಬದ ಭಾಷೆಗಳಲ್ಲಿ ದೇವರ ಹೆಸರು ಅಂತ ನಾವು ಅಂದುಕೊಳ್ಳುವ ಬಹುತೇಕ ಪದಗಳು ಹೀಗೆ ದಿನಬಳಕೆಯ ಪದಗಳೇ. ಹೀಬ್ರೂವಿನ ಅದೋನಾಯ್ ಅಂದರೆ ನನ್ನ ಒಡೆಯ. ಅರಬ್ಬಿಯ ರಬ್ ಕೂಡ ಒಡೆಯನೇ. ಇಥಿಯೋಪಿಯಾದ ಕ್ರೈಸ್ತರು ಕರೆಯುವ ಎಗ್ಜಿಯಾಬೆಹೇರ್ ಅಂದರೆ ನಾಡಿನ ಒಡೆಯ.

ಇಂಥದೇ ಇನ್ನೊಂದು ಹಳೆಯ ಪದ ‘ಇಲ್’. ಈಗಿನ ಇರಾಕ್ ಕಡೆ ಹಿಂದೆ ಇದ್ದ ಅಕ್ಕಾಡಿಯನ್ ಭಾಷೆಯಲ್ಲಿ ‘ಇಲು’ ಅಂದರೆ ದೇವರು. ಬಾಬ್-ಇಲಿ, ದೇವರ ಬಾಗಿಲು, ಅದೇ ಬ್ಯಾಬಿಲೋನ್. 1928ರಲ್ಲಿ ಸಿರಿಯಾದ ಕರಾವಳಿಯಲ್ಲಿ ಉಳುತ್ತಿದ್ದ ರೈತನೊಬ್ಬನ ನೇಗಿಲು ಹಳೇ ಗೋರಿಯ ಕಲ್ಲಿಗೆ ತಗುಲಿತು. ಮರುವರ್ಷ ಹತ್ತಿರದ ರಾಸ್ ಶಮ್ರಾ ದಿಬ್ಬ ಅಗೆದಾಗ ಸಿಕ್ಕಿದ್ದು ಉಗರಿತ್ ಪಟ್ಟಣ ಮತ್ತು ಅದರ ಮಣ್ಣಿನ ಹಲಗೆಗಳು. ಅವುಗಳ ಕಥೆಗಳಲ್ಲಿ ‘ಇಲ್’ ಅನ್ನುವುದು ದೇವರು ಅನ್ನುವ ಸಾಮಾನ್ಯ ಪದವೂ ಹೌದು, ದೇವತೆಗಳ ಮನೆಯ ಹಿರಿಯ ಯಜಮಾನನ ಸ್ವಂತ ಹೆಸರೂ ಹೌದು. ಬಅಲ್ ಅಲ್ಲಿ ಹುರುಪಿನ ಕಿರಿಯ ದೇವರು. ಹೀಬ್ರೂವಿನಲ್ಲಿ ಈ ಇಲ್ ‘ಏಲ್’ ಆಯಿತು. ನಮ್ಮ ರಮೇಶ, ಸುರೇಶ, ಮಹೇಶರ ಬಾಲದಲ್ಲಿ ಈಶ ಕೂತಿರುವ ಹಾಗೆ ದಾನಿಯೇಲ, ಗಬ್ರಿಯೇಲ, ಸಮುವೇಲ, ಇಸ್ಮಾಯಿಲ್ ಎಲ್ಲರ ಬಾಲದಲ್ಲೂ ಅದು ಕೂತಿದೆ. ಇಸ್ಮಾಯಿಲ್ ಅಂದರೆ ದೇವರು ಕೇಳಿಸಿಕೊಳ್ಳುತ್ತಾನೆ ಅಂತ.

ಅಲ್ಲಾ ಬೇರೆ, ಬೈಬಲಿನ ದೇವರ ಹೆಸರು ಬೇರೆ ಅಂತ ವಾದ ಮಾಡುವವರು ಜಾಸ್ತಿ. ನಂಬಿಕೆಯ ಮಾತು ಅವರವರಿಗೆ ಬಿಟ್ಟದ್ದು. ಪದಗಳ ನಂಟನ್ನು ಮಾತ್ರ ಪರೀಕ್ಷೆ ಮಾಡಿ ನೋಡಬಹುದು. ತಮಿಳಿನ ಪಾಲ್ ನಮ್ಮಲ್ಲಿ ಹಾಲು, ಪುಲಿ ನಮ್ಮಲ್ಲಿ ಹುಲಿ. ಒಂದು ಪದ ಹೀಗಾದರೆ ಆಕಸ್ಮಿಕ ಅನ್ನಬಹುದು, ಸಾಲಾಗಿ ಆದರೆ ಅದು ನಿಯಮ. ಹೀಬ್ರೂವಿನಲ್ಲೂ ಇಂಥದೇ ಒಂದು ನಿಯಮ ಇದೆ. ಹಳೆಯ ಉದ್ದದ ‘ಆ’ ಅಲ್ಲಿ ‘ಓ’ ಆಗುತ್ತದೆ. ಅರಬ್ಬಿಯ ಸಲಾಂ ಅಲ್ಲಿ ಶಾಲೋಮ್. ಅರಬ್ಬಿಯಲ್ಲಿ ‘ಇಲ್ಲ’ ಅನ್ನಲು ಲಾ, ಹೀಬ್ರೂವಿನಲ್ಲಿ ಲೋ. ಈಗ ಅರಬ್ಬಿಯ ‘ಇಲಾಹ್’ ತಗೊಳ್ಳಿ, ಅರ್ಥ ದೇವರು. ನಿಯಮದ ಪ್ರಕಾರ ಹೀಬ್ರೂವಿನಲ್ಲಿ ಏನಾಗಬೇಕು? ‘ಎಲೋಅಹ್’. ಆ ಪದ ಬೈಬಲಿನಲ್ಲಿ ಹಾಗೇ ಇದೆ. ಅದೇ ಕುಟುಂಬದ ಅರಮಾಯಿಕ್ ಭಾಷೆ ಈ ಬದಲಾವಣೆಗೆ ಒಳಗಾಗಲಿಲ್ಲ, ಅಲ್ಲಿ ಅದು ‘ಎಲಾಹ್’. ‘ಅಲ್ಲಾಹ್’ ಅನ್ನುವುದು ಅಲ್-ಇಲಾಹ್ ಸವೆದು ಆದದ್ದು ಅನ್ನುವುದು ಹೆಚ್ಚಿನ ಭಾಷಾ ವಿದ್ವಾಂಸರ ಮಾತು. ‘ಅಲ್’ ಅಂದರೆ ಆ. ಒಟ್ಟಿಗೆ, ಆ ದೇವರು.

ಅರಬ್ ಕ್ರೈಸ್ತರು ಇವತ್ತಿಗೂ ಚರ್ಚಿನಲ್ಲಿ ಕರೆಯುವುದು ಅಲ್ಲಾಹ್ ಅಂತಲೇ. ಮಾಲ್ಟಾ ದ್ವೀಪದ ಭಾಷೆ ಅರಬ್ಬಿಯ ಮಗಳು, ಜನ ಬಹುತೇಕ ಕ್ಯಾಥೊಲಿಕರು. ದೇವರಿಗೆ ‘ಅಲ್ಲಾ’ ಅನ್ನುತ್ತಾರೆ, ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಿಗೆ ‘ರಂದಾನ್’ ಅನ್ನುತ್ತಾರೆ. ರಂಜಾನ್ ಪದವೇ ಅದು! ಸುರಿಯಾನಿ ಅನ್ನುವುದು ಅರಮಾಯಿಕ್‌ನದೇ ಒಂದು ರೂಪ. ಕೇರಳದ ಸುರಿಯಾನಿ ಕ್ರೈಸ್ತರ ಪ್ರಾರ್ಥನೆಯಲ್ಲಿ ಒಂದು ಪಂಗಡದವರು ‘ಆಲಾಹಾ’ ಅಂದರೆ ಇನ್ನೊಂದು ಪಂಗಡದವರು ‘ಆಲೋಹೋ’ ಅನ್ನುತ್ತಾರೆ. ಮತ್ತದೇ ಆ, ಓ ಜಗಳ.

ಹೀಬ್ರೂ ಬೈಬಲಿನ ಮೊದಲ ವಾಕ್ಯದಲ್ಲಿ ಇರುವುದು ಎಲೋಹೀಮ್. ‘ಈಮ್’ ಬಹುವಚನದ ಪ್ರತ್ಯಯ, ಕ್ರಿಯಾಪದ ಮಾತ್ರ ಏಕವಚನ. ಇದಕ್ಕೆ ವ್ಯಾಖ್ಯಾನಗಳ ರಾಶಿಯೇ ಇದೆ. ಕನ್ನಡದವರಿಗೆ ಅಷ್ಟೇನೂ ವಿಚಿತ್ರ ಅನ್ನಿಸಬಾರದು. ‘ದೇವರಿದ್ದಾನೆ ಬಿಡು’ ಅನ್ನುತ್ತೇವಲ್ಲ? ‘ದೇವರು’ ಬಹುವಚನ, ‘ಇದ್ದಾನೆ’ ಏಕವಚನ.

ಇಷ್ಟೆಲ್ಲ ಪದಗಳ ನಡುವೆ ಅಪ್ಪಟ ಸ್ವಂತ ಹೆಸರು ಅಂತ ಇದ್ದದ್ದು ಒಂದೇ. ಯ, ಹ, ವ, ಹ ಅನ್ನುವ ನಾಲ್ಕು ಅಕ್ಷರ. ಹೀಬ್ರೂ ಬೈಬಲಿನಲ್ಲಿ 6,800ಕ್ಕೂ ಹೆಚ್ಚು ಸಲ ಬರುತ್ತದೆ. ಯಹೂದಿಗಳಲ್ಲಿ ಅದನ್ನೇ ಹೇಳಬಾರದು ಅಂತಾಯಿತು! ಓದುವಾಗ ಆ ಜಾಗದಲ್ಲಿ ‘ಅದೋನಾಯ್’ ಅನ್ನಬೇಕು. ಅಜ್ಜಿಯ ‘ನಮ್ಮ ಯಜಮಾನರು’ ನೋಡಿ. ಈ ಎಚ್ಚರಿಕೆ ಎಲ್ಲಿಗೆ ಹೋಯಿತು ಅಂದರೆ, ಹೀಬ್ರೂವಿನಲ್ಲಿ ಅಕ್ಷರಗಳೇ ಅಂಕಿ. 15 ಬರೆಯಲು 10ರ ಯ, 5ರ ಹ ಸೇರಿಸಿದರೆ ‘ಯಾಹ್’ ಆಗಿ ದೇವರ ಹೆಸರು ಬಂದುಬಿಡುತ್ತದೆ. ಅದಕ್ಕೇ 9 ಮತ್ತು 6 ಸೇರಿಸಿ ಬರೆಯುತ್ತಾರೆ.

ಹೀಬ್ರೂ ಬರಹದಲ್ಲಿ ಮೊದಲಿಗೆ ಸ್ವರಗಳಿಗೆ ಗುರುತಿರಲಿಲ್ಲ. ಕಾಗುಣಿತ ಇಲ್ಲದ ಕನ್ನಡ ಅಂದುಕೊಳ್ಳಿ. ಮುಂದೆ ವಿದ್ವಾಂಸರು ಸ್ವರಚಿಹ್ನೆ ಹಾಕುವಾಗ ಈ ನಾಲ್ಕು ಅಕ್ಷರಕ್ಕೆ ಅದೋನಾಯ್‌ನ ಸ್ವರಗಳನ್ನು ಹಾಕಿದರು. ಬಾಯಲ್ಲಿ ಅದೋನಾಯ್ ಅನ್ನು ಅಂತ ನೆನಪಿಸುವುದಕ್ಕೆ. ಗೊತ್ತಿಲ್ಲದ ಯುರೋಪಿನವರು ಎರಡನ್ನೂ ಕೂಡಿಸಿ ಓದಿದರು. ಕನ್ನಡ ಬೈಬಲಿನ ‘ಯೆಹೋವ’ ಹುಟ್ಟಿದ್ದು ಹೀಗೆ. ಮೂಲ ಉಚ್ಚಾರಣೆ ‘ಯಾಹ್ವೆ’ ಇದ್ದಿರಬೇಕು ಅಂತ ವಿದ್ವಾಂಸರು ಹೇಳುತ್ತಾರೆ.

ದೇವರ ಹೆಸರಿರುವ ಕಾಗದವನ್ನು ಎಸೆಯುವಂತೆಯೂ ಇಲ್ಲ. ಹಳೆಯ ಕಾಗದಗಳನ್ನೆಲ್ಲ ‘ಗೆನೀಜಾ’ ಅನ್ನುವ ಕೋಣೆಯಲ್ಲಿ ಒಟ್ಟುತ್ತಾರೆ. ಕೈರೋದಲ್ಲಿ ಯಹೂದಿಗಳು ಪ್ರಾರ್ಥನೆಗೆ ಸೇರುತ್ತಿದ್ದ ಬೆನ್ ಎಜ್ರಾ ಸಿನಗಾಗ್‌ನ ಗೆನೀಜಾದಲ್ಲಿ ಹೀಗೆ ಒಟ್ಟಿದ ಲಕ್ಷಗಟ್ಟಲೆ ತುಣುಕುಗಳಲ್ಲಿ ವ್ಯಾಪಾರದ ಕಾಗದಗಳೂ ಸೇರಿದ್ದವು. 1132ರಲ್ಲಿ ನಮ್ಮ ಮಂಗಳೂರಿನಲ್ಲಿ ಬರೆದ ಪತ್ರವೊಂದು ಅದರಲ್ಲಿದೆ. ಟ್ಯುನೀಷಿಯಾದಿಂದ ಬಂದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು, ಅಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರ. ಇಂಥ ವರ್ತಕರು ಪರಸ್ಪರ ಬರೆಯುತ್ತಿದ್ದ ಭಾಷೆ ಅರಬ್ಬಿ, ಲಿಪಿ ಹೀಬ್ರೂ. ದೇವರ ಮಾತು ಬಂದರೆ ಹೀಬ್ರೂ ಅಕ್ಷರದಲ್ಲೇ ‘ಅಲ್ಲಾಹ್’.

ಬೆನ್ ಯಿಜುವಿನ ವ್ಯವಹಾರ ನೋಡಿಕೊಳ್ಳಲು ಸಮುದ್ರ ದಾಟಿ ಯೆಮೆನ್ ದೇಶದ ಏಡನ್‌ಗೆ ಹೋಗಿಬರುತ್ತಿದ್ದ ಒಬ್ಬ ಆಳು ಇದ್ದ. ಅವನ ಹೆಸರನ್ನು ಕಾಗದಗಳಲ್ಲಿ ಬ, ಮ, ಹ ಅಂತ ಮೂರೇ ಅಕ್ಷರದಲ್ಲಿ ಬರೆದಿದ್ದಾರೆ. ಸ್ವರ ಇಲ್ಲ. ಮೊದಲು ಓದಿದವರು ‘ಬಾಮಾ’ ಅಂತ ಓದಿದರು. ಆಮೇಲೆ ತುಳುನಾಡಿನ ಹಳೆಯ ಹೆಸರುಗಳ ಪಕ್ಕ ಇಟ್ಟು ನೋಡಿದಾಗ ಸರಿಯಾಗಿ ಕೂತದ್ದು ‘ಬೊಮ್ಮ’. ಬೊಮ್ಮ ಅಂದರೆ ಬ್ರಹ್ಮ.