ನಿದ್ದೆಗೆಟ್ಟ ಹಾಡಿನ ಎರಡು ಮಗ್ಗುಲು

ನಮ್ಮ ಅಕ್ಕನ ಮನೆ ಶಿಡ್ಲಘಟ್ಟದ ಹತ್ತಿರದ ಹಳ್ಳಿಯಲ್ಲಿದೆ. ರೇಷ್ಮೆಯೇ ಅವರ ಬದುಕು. ಅವಳ ಮಗ ಮೂವರು ಗೆಳೆಯರ ಜೊತೆ ಚಿಕ್ಕಬಳ್ಳಾಪುರದಲ್ಲಿ ರಾಕ್ ಬ್ಯಾಂಡ್ ಕಟ್ಟಿದ್ದಾನೆ. ಈ ಸಲ ಬೆಳೆ ಮುಗಿದ ಮೇಲೆ ಎರಡು ಹಾಡು ಮಾಡಿದರು. ಎರಡೂ ಜೋಡಿಯಾಗಿಯೇ ಹೊರಬರಬೇಕು ಅಂತ ಅವನ ಹಟ. ಮೊದಲ ಹಾಡಿನಲ್ಲಿ ನಿದ್ದೆ ಒತ್ತಿಕೊಂಡು ಬರುತ್ತಿದೆ, ಮಲಗುವಂತಿಲ್ಲ. ಎರಡನೆಯದರಲ್ಲಿ ಮಲಗಿದ್ದಾಗಿದೆ, ನಿದ್ದೆ ಬರುತ್ತಿಲ್ಲ.

1949ರಲ್ಲಿ ಬಂದ, ನಿಮಿಷಕ್ಕೆ 45 ಸುತ್ತು ತಿರುಗುವ ಪುಟ್ಟ ರೆಕಾರ್ಡಿನಲ್ಲಿ ಹೀಗೇ ಮಗ್ಗುಲಿಗೊಂದು ಹಾಡು ಇರುತ್ತಿತ್ತು. ನಿದ್ದೆಗೆಟ್ಟು ಹಾಡು ಬರೆದವರೂ ಇವರೇ ಮೊದಲಲ್ಲ. ಬೀಟಲ್ಸ್ ತಂಡದ ಜಾನ್ ಲೆನನ್ 1968ರಲ್ಲಿ ಋಷಿಕೇಶದಲ್ಲಿ ನಿದ್ದೆ ಬಾರದೆ ‘ಐ ಆಮ್ ಸೋ ಟೈರ್ಡ್’ ಬರೆದರು.

ರೇಷ್ಮೆ ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ತಿನ್ನದೆ, ಅಲುಗದೆ ಕೂರುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಸುಮಾರು ಒಂದು ವಾರ ಹಗಲೂ ರಾತ್ರಿ ತಿನ್ನುವುದೇ ಕೆಲಸ. ಹುಳು ಮನೆಯಲ್ಲಿ ನಿಂತರೆ ಮಳೆ ಹುಯ್ಯುವ ಹಾಗೆ ಸದ್ದು. ಆಮೇಲೆ ಹುಳು ಹಣ್ಣಾಗುತ್ತದೆ, ಅಂದರೆ ಗೂಡು ಕಟ್ಟಲು ಸಿದ್ಧವಾಗುತ್ತದೆ. ಹಣ್ಣಾದ ಹುಳು ಕಾಯುವುದಿಲ್ಲ. ನಡುರಾತ್ರಿಯಾದರೂ ಆಯ್ದು ಚಂದ್ರಂಕಿಗೆ, ಅಂದರೆ ಹುಳು ಗೂಡು ಕಟ್ಟುವ ತಟ್ಟೆಗೆ, ಬಿಡಬೇಕು.

“ಮಾಮ, ರಾತ್ರಿ ನಿಂತಲ್ಲೇ ತೂಕಡಿಕೆ. ಬೆಳಿಗ್ಗೆ ಮಲಗಿದ್ರೆ ಎರಡೇ ಗಂಟೆಯಲ್ಲಿ ಎಚ್ಚರ. ಯಾಕೆ?” ಅಂತ ಕೇಳಿದ. ಒಳ್ಳೆಯ ಪ್ರಶ್ನೆ ಅಲ್ವಾ? ಸುಸ್ತಾದರೆ ನಿದ್ದೆ ತಾನಾಗಿ ಬರುತ್ತದೆ ಅಂತ ನಾವೆಲ್ಲ ಸುಮ್ನೆ ನಂಬಿರುತ್ತೇವೆ.

ನಿದ್ದೆಯನ್ನು ಎರಡು ಶಕ್ತಿಗಳು ನಡೆಸುತ್ತವೆ ಎಂದು 1982ರಲ್ಲಿ ಅಲೆಕ್ಸಾಂಡರ್ ಬೋರ್ಬೆಲಿ ಎಂಬ ವಿಜ್ಞಾನಿ ಹೇಳಿದರು. ಒಂದು, ನಿದ್ದೆಯ ಒತ್ತಡ. ಎಚ್ಚರವಿದ್ದಷ್ಟೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಜಾಸ್ತಿಯಾಗುತ್ತದೆ, ಕಣ್ಣು ಎಳೆಯುತ್ತದೆ. ಕಾಫಿ ಇದನ್ನು ಕರಗಿಸುವುದಿಲ್ಲ. ಅಡೆನೊಸಿನ್ ಕೂರುವ ಜಾಗದಲ್ಲಿ ಕೆಫೀನ್ ಹೋಗಿ ಕೂರುತ್ತದೆ, ಅಷ್ಟೇ. ಅದರಲ್ಲಿ ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕು. ಬೆಳಗಿನ ಜಾವ ನಾಲ್ಕಕ್ಕೆ ಕುಡಿದ ಕಾಫಿಯ ಅರ್ಧ ಒಂಬತ್ತಕ್ಕೂ ಮೈಯಲ್ಲಿರುತ್ತದೆ.

ಇನ್ನೊಂದು, ಗಡಿಯಾರ. ಎರಡೂ ಕಣ್ಣಿನ ನರಗಳು ಅಡ್ಡ ಹಾಯುವ ಜಾಗದ ಮೇಲೆಯೇ ಸುಮಾರು 20,000 ನರಕೋಶಗಳ ಒಂದು ಪುಟ್ಟ ಗುಂಪಿದೆ. ದಿನದ ಲೆಕ್ಕ ಇಡುವುದು ಅದು. ನಾವು ಎಷ್ಟು ದಣಿದಿದ್ದೇವೆ ಎಂದು ಅದು ನೋಡುವುದಿಲ್ಲ, ಬೆಳಕನ್ನು ನೋಡುತ್ತದೆ. ಬೆಳಗಿನ ಜಾವ ಮೈ ಬಿಸಿ ತೀರಾ ಇಳಿದಿರುತ್ತದೆ. ನಿದ್ದೆಯ ಒತ್ತಡವೂ ಏರಿರುತ್ತದೆ. ಅದಕ್ಕೇ ಆ ಹೊತ್ತಿನ ತೂಕಡಿಕೆ ಅಷ್ಟು ಭಾರ. ಬಿಸಿಲೇರಿದ ಮೇಲೆ ಗಡಿಯಾರ ಏಳು ಏಳು ಎಂದು ತಳ್ಳುತ್ತದೆ. ಎರಡು ಗಂಟೆ ಮಲಗಿದರೆ ಒತ್ತಡ ಒಂದಿಷ್ಟು ಇಳಿದಿರುತ್ತದೆ. ಆಗ ಗೆಲ್ಲುವುದು ಗಡಿಯಾರವೇ.

ಹುಡುಗ ಪೂರ್ತಿ ಕೇಳಿಸಿಕೊಂಡ. ಮಲಗುವ ಕೋಣೆಯ ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿದ. ಕೊನೆಯ ಕಾಫಿಯನ್ನು ನಡುರಾತ್ರಿಗೇ ಮುಗಿಸುತ್ತೇನೆ ಅಂದ. ಆಮೇಲೆ ಹಾಡುಗಳನ್ನು ಹಾಕಿದ. ಮೊದಲ ಹಾಡಿನ ಡ್ರಮ್ ಹೋಗ್ತಾ ಹೋಗ್ತಾ ಭಾರವಾಗುತ್ತದೆ, ಪೆಟ್ಟು ಒಂದರ ಮೇಲೊಂದು ಪೇರಿಸಿಕೊಳ್ಳುತ್ತದೆ. ಎರಡನೆಯದರಲ್ಲಿ ಮೊದಲಿಂದ ಕೊನೆವರೆಗೂ ಒಂದೇ ಟಕ್ ಟಕ್. ಗಿಟಾರ್ ನಿಂತ ಮೇಲೂ ಅದು ನಿಲ್ಲುವುದಿಲ್ಲ. ಅಡೆನೊಸಿನ್ ಅನ್ನುವ ಹೆಸರು ಕೇಳುವ ಮೊದಲೇ ಅವರು ಇದನ್ನು ಹೀಗೆ ಬಾರಿಸಿದ್ದರು.