ವಿಆರ್ ಹೆಡ್‌ಸೆಟ್: ಮಗನಿಗೆ ಸ್ಪಷ್ಟ, ನನಗೆ ಮಾತ್ರ ಮಸುಕು. ಯಾಕೆ?

ಪ್ರಶ್ನೆ: ಮನೆಯಲ್ಲಿ ಸೆಕೆಂಡ್‌ಹ್ಯಾಂಡ್ ಕ್ವೆಸ್ಟ್ 2 (ಮೆಟಾ ಕಂಪನಿಯ, ಕಣ್ಣಿಗೆ ಕಟ್ಟಿಕೊಂಡು ನೋಡುವ ವಿಆರ್ ಹೆಡ್‌ಸೆಟ್) ಇದೆ. ಮಗನಿಗೆ ಎಲ್ಲವೂ ಸ್ಪಷ್ಟವಾಗಿ ಕಾಣುತ್ತದಂತೆ. ನಾನು ಹಾಕಿಕೊಂಡರೆ ಅಕ್ಷರಗಳಿಗೆ ನೆರಳು ಬಿದ್ದಂತಿರುತ್ತದೆ, ಅಂಚೆಲ್ಲ ಮಸುಕು, ಕಾಲು ಗಂಟೆಯೊಳಗೆ ಕೆನ್ನೆ ನೋವು. ನನಗೆ ಕನ್ನಡಕ ಇದೆ. ಮಳೆಗಾಲದಲ್ಲಂತೂ ಲೆನ್ಸ್ ಮೇಲೆ ಮಂಜು ಕಟ್ಟಿ ಏನೂ ಕಾಣುವುದಿಲ್ಲ. ಹೊಸ ಮಾಡೆಲ್ ಕೊಳ್ಳುವುದೇ ದಾರಿಯೇ? (ಮಡಿಕೇರಿಯ ಓದುಗರೊಬ್ಬರು)

ಉತ್ತರ: ಹೆಡ್‌ಸೆಟ್ ಈಗ ನಿಮ್ಮ ಮಗನ ಮುಖಕ್ಕೆ ಹೊಂದಿಕೊಂಡು ಕೂತಿದೆ, ನಿಮ್ಮ ಮುಖಕ್ಕಲ್ಲ. ಕ್ವೆಸ್ಟ್ 2ರಲ್ಲಿರುವುದು ಫ್ರೆನೆಲ್ ಲೆನ್ಸ್. ಬೆಳಕಿಗೆ ಹಿಡಿದು ನೋಡಿದರೆ ಒಂದರೊಳಗೊಂದು ಉಂಗುರದಂಥ ಗೆರೆಗಳು ಕಾಣುತ್ತವೆ. ಈ ಬಗೆಯ ಲೆನ್ಸಿನಲ್ಲಿ ಚಿತ್ರ ಚೊಕ್ಕವಾಗಿ ಕಾಣುವುದು ನಡುವಿನ ಸಣ್ಣ ಜಾಗದಲ್ಲಿ ಮಾತ್ರ. ಕಣ್ಣಿನ ಪಾಪೆ ಆ ನಡುವಿನಿಂದ ಮೂರು ನಾಲ್ಕು ಮಿಲಿಮೀಟರ್ ಸರಿದರೂ ಅಕ್ಷರಕ್ಕೆ ನೆರಳು ಬರುತ್ತದೆ.

ಕೆನ್ನೆ ನೋವಿನ ಮೂಲವೂ ಬಹುಮಟ್ಟಿಗೆ ಇದೇ. 503 ಗ್ರಾಂ ತೂಕವೆಲ್ಲ ಮುಖದ ಮುಂದೆ ನೇತಾಡುತ್ತದೆ. ಅದು ಜಾರಿದಾಗ ಕಣ್ಣು ನಡುವಿನಿಂದ ತಪ್ಪುತ್ತದೆ. ಜಾರದಿರಲೆಂದು ಪಟ್ಟಿ ಬಿಗಿದಾಗ ಕೆನ್ನೆಯ ಮೂಳೆ ಒತ್ತುತ್ತದೆ. ಹಾಗಾಗಿ ಮೊದಲು ಪಟ್ಟಿ, ಆಮೇಲೆ ಲೆನ್ಸಿನ ಅಂತರ, ಆಮೇಲೆ ಕನ್ನಡಕ, ಈ ಕ್ರಮದಲ್ಲೇ ಹೋಗಿ. ಲೆನ್ಸಿನಿಂದ ಶುರುಮಾಡಿದರೆ, ಪಟ್ಟಿ ಸರಿದೊಡನೆ ಮಾಡಿದ್ದೆಲ್ಲ ಕೆಡುತ್ತದೆ.

ಪಟ್ಟಿಯನ್ನು ಪೂರ್ತಿ ಸಡಿಲಿಸಿ. ಜೊತೆಗೆ ಬರುವ ಬಟ್ಟೆಯ ಪಟ್ಟಿಯಲ್ಲಿ ಹಿಂಬದಿ ಒಂದು ತ್ರಿಕೋನವಿದೆ. ತಲೆಯ ಹಿಂದೆ, ಕುತ್ತಿಗೆಗಿಂತ ಸ್ವಲ್ಪ ಮೇಲೆ, ಕೈಗೆ ಸಿಗುವ ಮೂಳೆಯ ಉಬ್ಬು ಆ ತ್ರಿಕೋನದೊಳಗೆ ಕೂರಬೇಕು. ಕೆಳಗಿನ ಪಟ್ಟಿ ಉಬ್ಬಿನ ಕೆಳಗೆ ಸಿಕ್ಕಿಕೊಳ್ಳಬೇಕು. ಹೆಚ್ಚಿನವರು ಅದನ್ನು ನಡುತಲೆಗೆ ಎಳೆದುಬಿಡುತ್ತಾರೆ. ಹಾಗಾದರೆ ಹೆಡ್‌ಸೆಟ್ ಮೂಗಿನ ಮೇಲೆ ಇಳಿದೇ ಇಳಿಯುತ್ತದೆ. ಹಿಂಬದಿ ಕೂತ ಮೇಲೆ ಮುಂಭಾಗವನ್ನು ಮುಖಕ್ಕೆ ತನ್ನಿ. ಈಗ ಮೊದಲು ಬಿಗಿಯಬೇಕಾದದ್ದು ನೆತ್ತಿಯ ಮೇಲಿನ ವೆಲ್ಕ್ರೋ ಪಟ್ಟಿಯನ್ನು. ತೂಕ ಹೊರುವುದು ಅದೇ. ಪಕ್ಕದ ಪಟ್ಟಿಗಳ ಕೆಲಸ ಹೆಡ್‌ಸೆಟ್ ಅಲ್ಲಾಡದಂತೆ ಹಿಡಿಯುವುದಷ್ಟೇ. ತಲೆ ಮೆಲ್ಲಗೆ ಆಡಿಸಿದಾಗ ಹೆಡ್‌ಸೆಟ್ ಜೊತೆಯಲ್ಲೇ ಬಂದರೆ ಅಷ್ಟು ಬಿಗಿ ಸಾಕು. ತೆಗೆದಾಗ ಕೆನ್ನೆಯ ಮೇಲೆ ಕೆಂಪು ಗೆರೆ ಉಳಿದಿದ್ದರೆ ಪಕ್ಕದ ಪಟ್ಟಿ ಅತಿಯಾಗಿದೆ.

ಪಟ್ಟಿ ಕೂತಮೇಲೆ ಎತ್ತರ. ಮೆನುವಿನ ಸಣ್ಣ ಅಕ್ಷರದ ಸಾಲೊಂದನ್ನು ನೇರವಾಗಿ ನೋಡುತ್ತ, ಎರಡೂ ಕೈಯಲ್ಲಿ ಹೆಡ್‌ಸೆಟ್ ಹಿಡಿದು ಒಂದೊಂದೇ ಮಿಲಿಮೀಟರಿನಷ್ಟು ಮೇಲೆ ಕೆಳಗೆ ಸರಿಸಿ. ಅಕ್ಷರ ಥಟ್ಟನೆ ಚುರುಕಾಗುವ ಒಂದು ಜಾಗ ಸಿಗುತ್ತದೆ. ಬಹಳ ಮಂದಿಗೆ ಅದು ತಾವು ಈಗ ಇಟ್ಟುಕೊಳ್ಳುವ ಜಾಗಕ್ಕಿಂತ ಮೇಲಿರುತ್ತದೆ. ಅಲ್ಲೇ ಹಿಡಿದುಕೊಂಡು ನೆತ್ತಿಯ ಪಟ್ಟಿಯನ್ನು ಅಷ್ಟಕ್ಕೆ ಎಳೆದು ಅಂಟಿಸಿ. ಆಮೇಲೆ ಮುಂಭಾಗವನ್ನು ಸ್ವಲ್ಪ ಮೇಲಕ್ಕೂ ಕೆಳಕ್ಕೂ ವಾಲಿಸಿ ನೋಡಿ. ಲೆನ್ಸ್ ಕಣ್ಣಿಗೆ ನೇರವಾಗಿ ನಿಂತಾಗ ಮೇಲಿನ ಅಂಚು ಕೆಳಗಿನ ಅಂಚು ಒಂದೇ ಸಮ ಕಾಣುತ್ತವೆ.

ಇಷ್ಟಾದರೂ ಅರ್ಧ ಗಂಟೆಗೆ ಜಾರುತ್ತಿದ್ದರೆ ಬಟ್ಟೆಯ ಪಟ್ಟಿ ಹಿಗ್ಗಿರಬಹುದು. ಹಣೆಯ ಮೇಲೆ ಮೆತ್ತೆ ಕೂರುವ, ಹಿಂಬದಿ ತಿರುಗಣೆ ಇರುವ ಗಟ್ಟಿ ಪಟ್ಟಿಗೆ ಬದಲಾಯಿಸಿದರೆ ಕೆನ್ನೆಯ ಭಾರ ಹಣೆಗೆ ಹೋಗುತ್ತದೆ. ನಮ್ಮ ಮಟ್ಟಿಗೆ ಈ ಹೆಡ್‌ಸೆಟ್‌ಗೆ ದುಡ್ಡು ಹಾಕುವುದಿದ್ದರೆ ಮೊದಲು ಹಾಕಬೇಕಾದದ್ದು ಇದಕ್ಕೇ. ಹಿಂದೆ 200 ಗ್ರಾಂ ಆಸುಪಾಸಿನ ಪವರ್‌ಬ್ಯಾಂಕ್ ಕಟ್ಟಿದರೂ ತೂಕ ಸರಿದೂಗುತ್ತದೆ, ಕರೆಂಟ್ ಹೋದ ದಿನ ಚಾರ್ಜ್‌ಗೂ ಆಗುತ್ತದೆ. ಕನಿಷ್ಠ 15 ವ್ಯಾಟ್ ಕೊಡುವ ಪವರ್‌ಬ್ಯಾಂಕ್ ಇರಲಿ, ಇಲ್ಲವಾದರೆ ಆಡುತ್ತಿರುವಾಗಲೇ ಚಾರ್ಜ್ ಇಳಿಯುತ್ತ ಹೋಗಬಹುದು. ಆದರೆ ಒಟ್ಟು ತೂಕ ಹೆಚ್ಚುವುದರಿಂದ ಕುತ್ತಿಗೆ ನೋವಿರುವವರಿಗೆ ಇದು ಬೇಡ. ಸರಸರ ತಲೆ ತಿರುಗಿಸುವ ಆಟಗಳಿಗೂ ಒಗ್ಗುವುದಿಲ್ಲ.

ಮುಂದಿನದು ಎರಡು ಪಾಪೆಗಳ ನಡುವಿನ ಅಂತರ. ನಿಮಗೂ ಮಗನಿಗೂ ಇರುವ ದೊಡ್ಡ ವ್ಯತ್ಯಾಸ ಇಲ್ಲೇ ಇರುವ ಸಾಧ್ಯತೆ ಹೆಚ್ಚು. ಕ್ವೆಸ್ಟ್ 2ರ ಲೆನ್ಸ್‌ಗಳು 58, 63, 68 ಮಿಲಿಮೀಟರ್ ಎಂಬ ಮೂರು ಜಾಗಗಳಲ್ಲಿ ನಿಲ್ಲುತ್ತವೆ. ನಿಮ್ಮ ಅಳತೆ ತಿಳಿಯಲು ಕನ್ನಡಿಯಿಂದ ಸುಮಾರು 20 ಸೆಂಟಿಮೀಟರ್ ದೂರದಲ್ಲಿ ನಿಂತು, ಮಿಲಿಮೀಟರ್ ಸ್ಕೇಲನ್ನು ಹುಬ್ಬಿನ ಮೇಲೆ ಅಡ್ಡ ಹಿಡಿಯಿರಿ. ಬಲಗಣ್ಣು ಮುಚ್ಚಿ ಎಡ ಪಾಪೆಯ ನಡುವಿಗೆ ಸೊನ್ನೆ ಹೊಂದಿಸಿ. ತಲೆ ಅಲ್ಲಾಡಿಸದೆ ಎಡಗಣ್ಣು ಮುಚ್ಚಿ, ಬಲ ಪಾಪೆಯ ನಡು ಎಲ್ಲಿ ಬರುತ್ತದೋ ನೋಡಿ. ನಾಲ್ಕೈದು ಸಲ ಅಳೆದು ಸರಾಸರಿ ಹಿಡಿಯಿರಿ. ಕನ್ನಡಕ ಮಾಡಿಸಿದ ಅಂಗಡಿಯಲ್ಲಿ ಪಿಡಿ ಎಂದು ಕೇಳಿದರೂ ಹೇಳುತ್ತಾರೆ. ದೂರ ನೋಡುವ ಕನ್ನಡಕದ ಪಿಡಿಯನ್ನೇ ಕೇಳಿ, ಓದುವ ಕನ್ನಡಕದ ಪಿಡಿ ಮೂರು ನಾಲ್ಕು ಮಿಲಿಮೀಟರ್ ಕಡಿಮೆ ಇರುತ್ತದೆ.

61ರವರೆಗೆ ಮೊದಲ ಜಾಗ, 61ರಿಂದ 66ರವರೆಗೆ ಎರಡನೆಯದು, ಅದಕ್ಕೂ ಮೇಲೆ ಮೂರನೆಯದು. ಗಡಿಯಲ್ಲಿದ್ದರೆ ಎರಡನ್ನೂ ಹಾಕಿ ನೋಡಿ, ಕಣ್ಣು ಎಳೆದಂತಾಗದ ಜಾಗವನ್ನು ಇಟ್ಟುಕೊಳ್ಳಿ. ಸರಿಸುವಾಗ ಲೆನ್ಸಿಗೆ ಬೆರಳು ತಾಗಿಸದೆ ಸುತ್ತಲಿನ ಪ್ಲಾಸ್ಟಿಕ್ ಚೌಕಟ್ಟು ಹಿಡಿದು ಎರಡನ್ನೂ ಒಟ್ಟಿಗೆ ಸರಿಸಿ. ಮೂರನೆಯ ಜಾಗದಲ್ಲಿ ಹೊರ ಅಂಚು ಸ್ವಲ್ಪ ಕತ್ತರಿಸಿದಂತೆ ಕಂಡರೆ ಗಾಬರಿ ಬೇಡ. ಎರಡೂ ಕಣ್ಣಿಗೆ ಒಂದೇ ಪರದೆ ಇರುವುದರಿಂದ ಹಾಗಾಗುತ್ತದೆ.

ಕನ್ನಡಕದ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಬಲವಾಗಿದೆ. ಪರದೆ ಕಣ್ಣಿನ ಹತ್ತಿರ ಇದೆಯಲ್ಲ, ಓದುವ ಕನ್ನಡಕ ಸಾಕು ಎಂದುಕೊಳ್ಳುತ್ತಾರೆ. ಲೆನ್ಸ್ ಆ ಚಿತ್ರವನ್ನು ಸುಮಾರು 1.3 ಮೀಟರ್ ದೂರದಲ್ಲಿರುವಂತೆ ಕಣ್ಣಿಗೆ ಒಪ್ಪಿಸುತ್ತದೆ. ಬೇಕಾದದ್ದು ದೂರದ ಕನ್ನಡಕ. ಮೈನಸ್ ಅರ್ಧ, ಮುಕ್ಕಾಲಿನಷ್ಟು ಪವರ್ ಇದ್ದವರಿಗೆ ಕನ್ನಡಕವಿಲ್ಲದೆಯೂ ಚೆನ್ನಾಗಿಯೇ ಕಂಡೀತು. ಮೈನಸ್ ಎರಡು ಇದ್ದವರಿಗೆ ಅರ್ಧ ಮೀಟರಿನಾಚೆ ಎಲ್ಲ ಮಸುಕು, ಹಾಗಾಗಿ ಹೆಡ್‌ಸೆಟ್‌ನೊಳಗೂ ಮಸುಕೇ. ನಲವತ್ತು ದಾಟಿದವರು ಬೈಫೋಕಲ್, ಪ್ರೊಗ್ರೆಸಿವ್ ಕನ್ನಡಕ (ಮೇಲೆ ದೂರದ, ಕೆಳಗೆ ಓದುವ ಪವರ್ ಇರುವುದು) ಹಾಕಿಕೊಂಡರೆ ಕೆಳಗಿನ ಅರ್ಧ ಕಲಕಿ ಕಾಣುತ್ತದೆ. ಇದಕ್ಕೆಂದೇ ಬರೀ ದೂರದ ಪವರಿನ ಹಳೆಯ ಕನ್ನಡಕ ಹುಡುಕಿ ಇಡಿ.

ಫ್ರೇಮ್ 142 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರದೊಳಗಿದ್ದರೆ ಒಳಗೆ ಹಿಡಿಯುತ್ತದೆ. ಕ್ವೆಸ್ಟ್ 2ರ ಜೊತೆ ಪೆಟ್ಟಿಗೆಯಲ್ಲಿ ಒಂದು ಸ್ಪೇಸರ್, ಅಂದರೆ ಕನ್ನಡಕಕ್ಕೂ ಲೆನ್ಸಿಗೂ ನಡುವೆ ಜಾಗ ಬಿಡಿಸುವ ಚೌಕಟ್ಟು, ಬರುತ್ತಿತ್ತು. ಸೆಕೆಂಡ್‌ಹ್ಯಾಂಡಿನಲ್ಲಿ ಅದು ಕಳೆದಿರುವುದೇ ಹೆಚ್ಚು, ಕೇಳಿ ನೋಡಿ. ಅದಿಲ್ಲದೆ ಕನ್ನಡಕ ಹಾಕಿದರೆ ಗಾಜು ಲೆನ್ಸಿಗೆ ಉಜ್ಜಿ ಗೀರು ಬೀಳುತ್ತದೆ, ಆ ಗೀರಿಗೆ ಮದ್ದಿಲ್ಲ. ಸ್ಪೇಸರ್ ಹಾಕಿದಾಗ ನೋಟದ ಅಗಲ ತುಸು ಕಡಿಮೆಯಾಗುತ್ತದೆ. ದಿನವೂ ಬಳಸುವವರಾದರೆ ನಿಮ್ಮ ದೂರದ ಪವರಿಗೆ ಮಾಡಿಸಿ ಲೆನ್ಸಿನ ಮೇಲೆ ಕೂರಿಸುವ ಒಳಲೆನ್ಸ್ ಒಳ್ಳೆಯದು. ಮ್ಯಾಗ್ನೆಟ್ಟಿನಿಂದ ಹಿಡಿಯುವ ಬಗೆಯದಾದರೆ ಮಗ ಹಾಕಿಕೊಳ್ಳುವಾಗ ಕ್ಷಣದಲ್ಲಿ ತೆಗೆಯಬಹುದು.

ಹೊಸ ಮಾಡೆಲ್ ಬಗ್ಗೆ ಕೇಳಿದ್ದೀರಿ. ಮೇಲಿನದೆಲ್ಲ ಮಾಡಿಯೂ ಅಂಚಿನ ಮಸುಕು ಕಾಡಿದರೆ ಕ್ವೆಸ್ಟ್ 3 ನಿಜಕ್ಕೂ ಬೇರೆ. ಅದರ ಪ್ಯಾನ್‌ಕೇಕ್ ಲೆನ್ಸ್ ಅಂಚಿನವರೆಗೂ ಬಹುತೇಕ ಸ್ಪಷ್ಟ, ಅಂತರವನ್ನು ಚಕ್ರ ತಿರುಗಿಸಿ 58ರಿಂದ 71ರವರೆಗೆ ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಅಗ್ಗವೆಂದು ಕ್ವೆಸ್ಟ್ 3ಎಸ್ ತೆಗೆದುಕೊಂಡರೆ ಸ್ಪಷ್ಟತೆಯಲ್ಲಿ ಹೇಳಿಕೊಳ್ಳುವ ಲಾಭವಿಲ್ಲ. ಪ್ರೊಸೆಸರ್ ಹೊಸದು ನಿಜ, ಆದರೆ ಲೆನ್ಸ್ ಫ್ರೆನೆಲ್ಲೇ, ಒಂದು ಕಣ್ಣಿಗೆ ಅದೇ 1832×1920 ಪಿಕ್ಸೆಲ್, ಅದೇ ಮೂರು ಜಾಗ.

ಇನ್ನು ಮಂಜು. ಕಕ್ಕಡ ಮಾಸದ ಮಳೆಯಲ್ಲಿ ನಿಮ್ಮ ಕಡೆಯ ಮನೆಗಳಲ್ಲಿ ಗಾಳಿಯೇ ಒದ್ದೆ. ಮುಖದ ಬಿಸಿ, ಬೆವರು, ಉಸಿರು ಸೇರಿ ಹೆಡ್‌ಸೆಟ್‌ನೊಳಗಿನ ಗಾಳಿ ಇನ್ನಷ್ಟು ತೇವವಾಗುತ್ತದೆ. ರಾತ್ರಿಯೆಲ್ಲ ತಣ್ಣಗಿದ್ದ ಲೆನ್ಸಿಗೆ ಅದು ತಾಗಿದೊಡನೆ ನೀರಾಗುತ್ತದೆ. ಒರೆಸಿದರೆ ಮತ್ತೆ ಕಟ್ಟುತ್ತದೆ, ಏಕೆಂದರೆ ಲೆನ್ಸ್ ಇನ್ನೂ ತಣ್ಣಗೇ ಇದೆ. ಲೆನ್ಸನ್ನೇ ಬೆಚ್ಚಗೆ ಮಾಡಬೇಕು. ಹಾಕಿಕೊಳ್ಳುವ ಹತ್ತು ನಿಮಿಷ ಮೊದಲು ಆನ್ ಮಾಡಿ, ಎರಡು ಲೆನ್ಸಿನ ನಡುವೆ ಮೂಗಿನ ಮೇಲ್ಭಾಗಕ್ಕೆ ಬರುವ ಸೆನ್ಸರಿಗೆ ಸಣ್ಣ ಬಟ್ಟೆ ತುಂಡು ಮುಚ್ಚಿಡಿ. ಯಾರೋ ಹಾಕಿಕೊಂಡಿದ್ದಾರೆಂದು ಹೆಡ್‌ಸೆಟ್ ಭಾವಿಸಿ ಪರದೆ ಉರಿಯುತ್ತಲೇ ಇರುತ್ತದೆ, ಅದರ ಕಾವಿಗೆ ಲೆನ್ಸ್ ಬೆಚ್ಚಗಾಗುತ್ತದೆ. ಹಾಕಿಕೊಂಡ ಮೊದಲ ಒಂದೆರಡು ನಿಮಿಷ ಪಟ್ಟಿ ಸಡಿಲವಿರಲಿ. ಎದುರಿಗೊಂದು ಟೇಬಲ್ ಫ್ಯಾನ್ ಇಟ್ಟರೆ ಇನ್ನೂ ಒಳ್ಳೆಯದು. ಒಲೆಯ ಹತ್ತಿರ ಇಟ್ಟು ಬೆಚ್ಚಗೆ ಮಾಡಬೇಡಿ: ಲೆನ್ಸ್ ಪ್ಲಾಸ್ಟಿಕ್ಕಿನದು, ಜೊತೆಗೆ ಹೊಗೆಯ ಪದರ ಕೂರುತ್ತದೆ. ಹೆಲ್ಮೆಟ್ಟಿಗೆ ಹೊಡೆಯುವ ಮಂಜುನಿರೋಧಕ ಸ್ಪ್ರೇಯೂ ಲೆನ್ಸಿನ ಲೇಪ ಕೆಡಿಸೀತು, ಬೇಡ.

ಮುಖಕ್ಕೆ ತಾಗುವ ಫೋಮ್ ಮಳೆಗಾಲದ ಶತ್ರು. ಬೆವರು ಹೀರಿಕೊಂಡು ಒಣಗದೆ ಬೂಷ್ಟು ಹಿಡಿಯುತ್ತದೆ. ಕ್ವೆಸ್ಟ್ 2ರ ಮೂಲ ಫೋಮ್ ಕೆಲವರ ಚರ್ಮಕ್ಕೆ ತುರಿಕೆ ತರುತ್ತಿದೆಯೆಂದು 2021ರಲ್ಲಿ ಕಂಪನಿಯೇ ಅದರ ಮೇಲೆ ಹಾಕುವ ಸಿಲಿಕೋನ್ ಕವರ್ ಹಂಚಿತ್ತು. ನಿಮ್ಮದರಲ್ಲಿ ಅದಿಲ್ಲದಿದ್ದರೆ ಒಂದನ್ನು ಕೊಳ್ಳಿ. ಸೋಪು ನೀರಲ್ಲಿ ತೊಳೆದು ಒರೆಸಿದರೆ ಆಯಿತು. ಆಡಿ ಮುಗಿದ ಮೇಲೆ ಅರ್ಧ ಗಂಟೆ ಫ್ಯಾನ್ ಕೆಳಗಿಟ್ಟು, ಆಮೇಲೆ ಗಾಳಿಯಾಡದ ಡಬ್ಬಿಯಲ್ಲಿ 100 ಗ್ರಾಂ ಸಿಲಿಕಾ ಜೆಲ್ ಜೊತೆ ಇಡಿ. ಬಿಸಿಯಾರದ ಹೆಡ್‌ಸೆಟ್ ಒಳಗಿಟ್ಟು ಮುಚ್ಚಿದರೆ ತೇವವನ್ನೂ ಒಳಗೇ ಕೂಡಿಟ್ಟಂತೆ. ಬಣ್ಣ ಬದಲಾಗುವ ಕಿತ್ತಳೆ ಜೆಲ್ ತೆಗೆದುಕೊಳ್ಳಿ, ಹಸಿರಾದಾಗ ಓವನ್‌ನಲ್ಲಿ 110ರಿಂದ 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಕಾಯಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಅಕ್ಕಿಯ ಡಬ್ಬಿ ಬೇಡ. ತೇವ ಹೀರುವುದು ಕಡಿಮೆ, ಹಿಟ್ಟಿನ ಧೂಳು ಮಾತ್ರ ಲೆನ್ಸಿಗೆ ಅಂಟುತ್ತದೆ.

ಮಳೆ ಬಿಟ್ಟ ಮೇಲೆ ಎಲ್ಲವನ್ನೂ ಕಾಫಿ ಕಣದಲ್ಲಿ ಬಿಸಿಲಿಗೆ ಹರಡುವ ರೂಢಿ ನಿಮ್ಮಲ್ಲಿದೆ. ಹೆಡ್‌ಸೆಟ್ ಮಾತ್ರ ಅಲ್ಲಿಗೆ ಹೋಗಬಾರದು. ಲೆನ್ಸಿನ ಮೂಲಕ ಬಿಸಿಲು ಭೂತಗನ್ನಡಿಯಲ್ಲಿ ಬಂದಂತೆ ಪರದೆಯ ಮೇಲೆ ಒಂದೇ ಬಿಂದುವಾಗಿ ಬಿದ್ದು, ನೋಡನೋಡುತ್ತಲೇ ಸುಟ್ಟ ಕಲೆ ಮಾಡುತ್ತದೆ. ಅದು ಹೋಗುವುದೇ ಇಲ್ಲ. ಮನೆಯೊಳಗೂ ಕಿಟಕಿಯ ಬಿಸಿಲಿಗೆ ಲೆನ್ಸ್ ಮುಖಮಾಡಿ ಇಡಬೇಡಿ. ಫೋಮ್ ಒಣಗಬೇಕಿದ್ದರೆ ಅದನ್ನಷ್ಟೇ ಬಿಚ್ಚಿ ನೆರಳಲ್ಲಿ ಒಣಗಿಸಿ.

ಲೆನ್ಸ್ ಒರೆಸಲು ಒಣ ಮೈಕ್ರೋಫೈಬರ್ ಬಟ್ಟೆ ಒಂದೇ ಸಾಕು. ಮೊದಲು ಬ್ಲೋವರಿನಿಂದ ಧೂಳು ಊದಿ, ಆಮೇಲೆ ನಡುವಿನಿಂದ ಹೊರಕ್ಕೆ ಸುತ್ತುತ್ತ ಹಗುರವಾಗಿ ಒರೆಸಿ. ತಲೆಗೆ ಹಚ್ಚಿದ ಎಣ್ಣೆಯ ಪಸೆ ಉಂಗುರಗಳ ಸಂದಿನಲ್ಲಿ ಕೂತರೆ ಬಿಳಿ ಅಕ್ಷರದ ಸುತ್ತ ಬೆಳಕು ಚೆಲ್ಲಿದಂತೆ ಕಾಣುತ್ತದೆ. ಅದಕ್ಕೆ ಬಟ್ಟೆಯ ಶುಭ್ರ ಭಾಗದಿಂದ ಎರಡು ಮೂರು ಸಲ ಒರೆಸಬೇಕೇ ಹೊರತು ಸ್ಪಿರಿಟ್, ಸ್ಯಾನಿಟೈಸರ್, ಗಾಜು ಒರೆಸುವ ದ್ರವ ಯಾವುದನ್ನೂ ತಾಗಿಸಬಾರದು.

ಇಷ್ಟೆಲ್ಲ ಆದಮೇಲೂ 360 ಡಿಗ್ರಿ ವೀಡಿಯೊಗಳು ಮಾತ್ರ ಮಸುಕಾಗಿದ್ದರೆ ದೋಷ ವೀಡಿಯೊದ್ದು. ಅಬ್ಬಿ ಜಲಪಾತದ 4ಕೆ ವೀಡಿಯೊ ಎಂದಿಟ್ಟುಕೊಳ್ಳಿ: ಅದರ 3840 ಪಿಕ್ಸೆಲ್ ಸುತ್ತಲಿನ 360 ಡಿಗ್ರಿಗೂ ಹಂಚಿಹೋಗುತ್ತದೆ, ಒಂದು ಡಿಗ್ರಿಗೆ ಹನ್ನೊಂದಕ್ಕೂ ಕಡಿಮೆ. ಕ್ವೆಸ್ಟ್ 2 ಒಂದು ಡಿಗ್ರಿಗೆ ಸುಮಾರು 20 ಪಿಕ್ಸೆಲ್ ತೋರಿಸಬಲ್ಲದು. ನೆಟ್ ನಿಧಾನವಿದ್ದು ಆ್ಯಪ್ ತಾನಾಗಿಯೇ 1080ಕ್ಕೆ (ಅಡ್ಡಕ್ಕೆ 1920 ಪಿಕ್ಸೆಲ್) ಇಳಿದರೆ ಸಿಗುವುದು ಐದು ಚಿಲ್ಲರೆ ಮಾತ್ರ. ವೀಡಿಯೊದ ಗೇರ್ ಗುರುತು ಒತ್ತಿ ರೆಸಲ್ಯೂಷನ್ ಕೈಯಾರೆ ಏರಿಸಿ. ನೆಟ್ ತಾಳದಿದ್ದರೆ, ನೀವೇ ಕ್ಯಾಮೆರಾದಲ್ಲಿ ತೆಗೆದದ್ದೋ ಇಳಿಸಿಕೊಳ್ಳಲು ಅನುಮತಿ ಇರುವುದೋ ಆದ 5.7ಕೆ ಫೈಲನ್ನು ಕಂಪ್ಯೂಟರಿನಿಂದ ಕೇಬಲ್ ಮೂಲಕ ಹೆಡ್‌ಸೆಟ್‌ಗೆ ಹಾಕಿ, ಅಲ್ಲಿಂದಲೇ ನೋಡಿ. ಒಂದು ಡಿಗ್ರಿಗೆ 16 ಪಿಕ್ಸೆಲ್ ಸಿಗುತ್ತದೆ.